ಕೃಷ್ಣಕಮಲವನ್ನು ಎಣಿಸಬಾರದು

ರಾಮನಗರ
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ನಯನಕ್ಕನಿಗೆ,

ನಿನ್ನ ತಮ್ಮ ದೀಪುವಿನ ನಮಸ್ಕಾರ. ಹೇಗಿದ್ದೀಯ ಅಕ್ಕ? ನೈಟ್ ಡ್ಯೂಟಿ ಮುಗಿಸಿ ಬಂದ ದಿನ ನಿನಗೆ ಬರುತ್ತಿದ್ದ ತಲೆನೋವು ಈಗಲೂ ಬರುತ್ತದಾ? ಮಂಗಳೂರಿನ ಸೆಖೆ ಒಗ್ಗಿತಾ? ನಮ್ಮ ಊರಿನ ಚಳಿಯಲ್ಲೂ ಫ್ಯಾನ್ ಹಾಕು ಎಂದು ನನ್ನ ಜೊತೆ ಜಗಳವಾಡುತ್ತಿದ್ದವಳು ಅಲ್ಲಿ ಹೇಗಿದ್ದೀಯೋ ಎಂದು ಆಗಾಗ ಯೋಚನೆ ಬರುತ್ತದೆ. ಅಂತೋಣಿ ಭಾವ ಚೆನ್ನಾಗಿದ್ದಾರಾ? ಅವರಿಗೆ ನನ್ನ ನಮಸ್ಕಾರ ಹೇಳು. ನಾನು ಈಗ ಚನ್ನಪಟ್ಟಣದಲ್ಲಿ ಅಂಕಯ್ಯನವರ ಹತ್ತಿರ ಮರದ ಆಟಿಕೆ ಕಡೆಯುವ ಕೆಲಸಕ್ಕೆ ಸೇರಿದ್ದೇನೆ. ಪೆಟ್ರೋಲ್ ಬಂಕ್ ಬಿಟ್ಟೆ, ಕೊರಿಯರ್ ಬಿಟ್ಟೆ, ಇದನ್ನು ಇನ್ನೂ ಬಿಟ್ಟಿಲ್ಲ. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟವನ ಕಾಗದ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು. ಮೊದಲಿನಿಂದಲೂ ನನ್ನ ಕಾಪಿ ತಿದ್ದಿದವಳು ನೀನೇ.

ಇನ್ನೂ ಯೋಗಕ್ಷೇಮ ಕೇಳುತ್ತಾ ಹೋದರೆ ಹೇಳಬೇಕಾದ್ದನ್ನು ನಾನು ಹೇಳುವುದೇ ಇಲ್ಲ. ಅಕ್ಕ, ನಿಂತಿದ್ದರೆ ಕೂತುಕೋ. ಅಮ್ಮ ಇಲ್ಲ. ಸೆಪ್ಟೆಂಬರ್ ನಾಲ್ಕನೇ ತಾರೀಖು ಗುರುವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ಹೋದಳು. ತಿಪ್ಪಸಂದ್ರದಲ್ಲಿ ತಾತನ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದೆವು. ನಿನಗೆ ಯಾರೂ ಹೇಳಲಿಲ್ಲ. ಅಪ್ಪ ಹೇಳಬೇಡಿ ಅಂದ, ಮಿಕ್ಕವರು ಸರಿ ಅಂದರು. ಫೋನಿನಲ್ಲಿ ನಾನಾದರೂ ಹೇಳಬಹುದಿತ್ತು. ಆಮೇಲೆ ಭಾವನ ಅಜ್ಜಿ ನಿನ್ನ ವಿಳಾಸದ ಜೊತೆ ಹೊಸ ನಂಬರನ್ನೂ ಕೊಟ್ಟರು, ನಾನೇ ತಿಳಿಸುತ್ತೇನೆ, ಅಲ್ಲಿಯವರೆಗೆ ನೀವು ಹೇಳಬೇಡಿ ಎಂದು ಅವರನ್ನು ಕೇಳಿಕೊಂಡೆ. ಹೋದ ಸೋಮವಾರ ಚನ್ನಪಟ್ಟಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಆ ನಂಬರ್ ಒತ್ತಿದೆ. ನೀನು ತೆಗೆದು 'ಹಲೋ, ಯಾರು?' ಅಂದೆ. ಹಿಂದೆ ಯಾರೋ ನಗುತ್ತಿದ್ದರು, ನಿನ್ನ ದನಿಯಲ್ಲೂ ಆ ನಗುವಿನ ಚೂರು ಉಳಿದಿತ್ತು. ಆ ಹಲೋದಲ್ಲಿ ಅಮ್ಮ ಇನ್ನೂ ಬದುಕಿದ್ದಳು. ನಾನು ಬಾಯಿ ತೆರೆದರೆ ಸಾಯುತ್ತಿದ್ದಳು. ಕಟ್ ಮಾಡಿದೆ. ಅವತ್ತು ರಾಂಗ್ ನಂಬರ್ ಅಂದುಕೊಂಡಿರುತ್ತೀಯ. ಅದು ನಾನೇ.

ನಮ್ಮ ಬಚ್ಚಲಿನ ಪಕ್ಕದ ಕೃಷ್ಣಕಮಲದ ಬಳ್ಳಿಯ ವಿಷಯ ಬರೆಯದೆ ಮಿಕ್ಕಿದ್ದನ್ನು ಬರೆಯಲು ಬರುವುದಿಲ್ಲ. ಹೂ ಬಿಟ್ಟ ದಿನ ಅಮ್ಮ ನಮ್ಮಿಬ್ಬರನ್ನೂ ಹಲ್ಲುಜ್ಜುತ್ತಿದ್ದರೂ ಬಿಡದೆ ಎಳೆದುಕೊಂಡು ಹೋಗುತ್ತಿದ್ದಳು, ಸಂಜೆಗೆ ಮುದುಡಿಬಿಡುತ್ತದೆ ಎಂದು. 'ನೋಡ್ರಿ, ಸುತ್ತ ನಿಂತಿರೋ ನೇರಳೆ ಎಳೆಯೆಲ್ಲಾ ಕೌರವರು, ನೂರು ಜನ. ಅವರ ಮ್ಯಾಲೆ ಐದು ಜನ ಪಾಂಡವರು. ನಡುವೆ ಗುಂಡಗವ್ನಲ್ಲ, ಅವ್ನು ಕಿಟ್ಣ. ಅವನ ತಲೆ ಮ್ಯಾಲೆ ಮೂರು ಜನ, ಬ್ರಹ್ಮ ವಿಷ್ಣು ಈಶ್ವರ. ಅದ್ಕೇ ಇದು ಕೃಷ್ಣಕಮಲ.' ಕೃಷ್ಣನೂ ವಿಷ್ಣುವೂ ಒಬ್ಬನೇ ಅಲ್ಲವಾ, ಎರಡು ಕಡೆ ಹೇಗಿದ್ದಾನೆ ಎಂದು ನಾನು ಕೇಳಿದ್ದಕ್ಕೆ, 'ಅವನ್ಗೇನ್ಲಾ, ಎಲ್ಲಾ ಕಡೆನೂ ಇರ್ತಾನೆ. ನೀನು ಒಂದ್ ಕಡೆ ನಿಂತ್ಕೊಳಾದ್ ಕಲಿ ಮೊದ್ಲು' ಅಂದಿದ್ದಳು. ನೀನು ನಕ್ಕು ನಕ್ಕು ಬಾಯಲ್ಲಿದ್ದ ಪೇಸ್ಟನ್ನು ನನ್ನ ಮೇಲೆ ಉಗಿದಿದ್ದೆ.

ನಾನು ಪಿನ್ನು ಹಿಡಿದು ಕೌರವರನ್ನು ಎಣಿಸಿದವನು. ಒಂದು ಹೂವಿನಲ್ಲಿ ತೊಂಬತ್ತೂ ಆಗಲಿಲ್ಲ, ಇನ್ನೊಂದರಲ್ಲಿ ನೂರು ದಾಟಿ ಹೋಯಿತು. ಸ್ಕೂಲಿನಲ್ಲಿ ಮೇಷ್ಟರು ಇದೇ ಕಥೆ ಹೇಳಿದಾಗ ಎದ್ದು ನಿಂತು 'ನೂರಿಲ್ಲ ಸಾರ್' ಅಂದು, ಬಾಗಿಲಾಚೆ ನಿಂತುಕೊಂಡೆ. ಮನೆಗೆ ಬಂದು ಹೇಳಿದರೆ ಅಮ್ಮ ಬೈದದ್ದೂ ನನ್ನನ್ನೇ. 'ಎಣಿಸ್ಬಾರ್ದು ಕಣ್ಲಾ. ಹೆತ್ತೋಳು ಮಕ್ಕಳ್ನ ಎಣಿಸಾಕಿಲ್ಲ, ಎಣಿಸಿದ್ರೆ ಒಂದು ಕಮ್ಮಿ ಆಯ್ತದೆ. ಗಾಂಧಾರಿ ನೂರು ನೂರು ಅಂತ ಹೇಳ್ಕೊಂಡ್ ತಿರುಗಿದ್ಕೇ ನೂರೂ ಹೋದ್ವು.' ಅದು ಅವಳಿಗೆ ಬರೀ ಮಾತಾಗಿರಲಿಲ್ಲ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ಎಷ್ಟು ಮಕ್ಕಳವ್ವಾ ಎಂದು ಕೇಳಿದರೆ 'ದೇವ್ರು ಕೊಟ್ಟವು ಅವೆ' ಎಂದು ಮುಗಿಸುತ್ತಿದ್ದಳು. ನಮ್ಮನ್ನು ಒಂದು, ಎರಡು ಅಂತ ಅವಳು ಅಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಭಾವ ಮೊದಲ ಸಲ ಮನೆಗೆ ಬಂದ ದಿನ ನೀನು ಒಳಗೆ ಟೀ ಮಾಡುತ್ತಿದ್ದೆ, ಬಚ್ಚಲ ಹತ್ತಿರ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಆಗಿನ್ನೂ ಅವರು ನಿನ್ನ ಜೊತೆ ಕೆಲಸ ಮಾಡುವವರು, ಬಸ್ಸು ತಪ್ಪಿತೆಂದು ಬೈಕಿನಲ್ಲಿ ಬಿಡಲು ಬಂದವರು ಅಷ್ಟೇ. ಅಮ್ಮ ಯಾರು ಬಂದರೂ ಹೂ ತೋರಿಸುವಂತೆ ಅವರಿಗೂ ತೋರಿಸಿ ಭಾರತದ ಕಥೆ ಹೇಳಿದಳು. ಭಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, 'ನಮ್ಮಜ್ಜಿ ಮನೆ ಮುಂದೇನೂ ಇದೆ ಅಮ್ಮ. ಅವರು ಪಾಡಿನ ಹೂ ಅಂತಾರೆ. ಯೇಸುಸ್ವಾಮಿ ಪಟ್ಟ ಪಾಡು' ಅಂದರು. ಸುತ್ತಲಿನ ಎಳೆಗಳು ತಲೆಗೆ ತೊಡಿಸಿದ ಮುಳ್ಳಿನ ಕಿರೀಟವಂತೆ, ಐದು ಮೈಮೇಲಿನ ಗಾಯಗಳಂತೆ, ಮೇಲಿನ ಮೂರು ಮೊಳೆಗಳಂತೆ. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. 'ಅಯ್ಯೋ ಕಂದ, ಮೊಳೆ ಹೊಡೆದ್ಬುಟ್ರಾ? ಅವರವ್ವ ಎಲ್ಲಿದ್ಲಪ್ಪಾ?' 'ಅಲ್ಲೇ ನಿಂತಿದ್ರು ಅಮ್ಮ, ಶಿಲುಬೆ ಕೆಳಗೆ.' ಅಮ್ಮ ಬಗ್ಗಿ ಮತ್ತೆ ಹೂ ನೋಡಿದಳು. 'ಇದ್ರಲ್ಲಿ ಅವ್ವಂದಿರ್ಗೆ ಜಾಗನೇ ಇಲ್ವಲ್ಲಪ್ಪ. ನಮ್ಮ ಕಥೇಲಿ ಕುಂತಿನೂ ಇಲ್ಲ, ಗಾಂಧಾರಿನೂ ಇಲ್ಲ. ನಿಮ್ಮ ಕಥೇಲಿ ಆಯಮ್ಮನೂ ಇಲ್ಲ' ಅಂದಳು. ಭಾವ ಹೂವನ್ನು ಕೀಳಲಿಲ್ಲ, ಸ್ವಲ್ಪ ಬಗ್ಗಿಸಿ ಹಿಂಬದಿ ತೋರಿಸಿದರು. 'ತೊಟ್ಟು ಹಿಡ್ಕೊಂಡಿದೆಯಲ್ಲ ಅಮ್ಮ' ಅಂದರು. ಅವರು ಹೋದ ಮೇಲೆ ಅಮ್ಮ ನನ್ನ ಹತ್ತಿರ, 'ಒಳ್ಳೆ ಹುಡ್ಗ ಕಣ್ಲಾ' ಅಂದಳು. ಯಾಕೆ ಅಂದಳು ಎಂದು ನನಗೆ ಅವತ್ತೇ ಗೊತ್ತಾಯಿತು. ನಿಮ್ಮಿಬ್ಬರ ವಿಷಯ ಅಮ್ಮನಿಗೂ ಗೊತ್ತಾಗಿತ್ತು.

ನೀನು ಭಾವನ ಜೊತೆ ಹೋದ ಮಾರನೆಯ ದಿನ ಅಪ್ಪ ಏನು ಮಾಡಿದ ಎಂದು ನಿನಗೆ ಯಾರಾದರೂ ಹೇಳಿರಬಹುದು. ತಲೆಯ ಮೇಲೆ ಕೊಡ ನೀರು ಸುರಿದುಕೊಂಡು, 'ಇವತ್ತಿಗೆ ಸತ್ಲು' ಅಂದ. ಒದ್ದೆ ಬಟ್ಟೆಯಲ್ಲೇ ಮಚ್ಚು ತೆಗೆದುಕೊಂಡು ಬಳ್ಳಿಯನ್ನು ಬುಡಕ್ಕೆ ಕಡಿದ. ಹೂವಿನ ಇನ್ನೊಂದು ಕಥೆಯನ್ನು ನಾನೇ ಹಿಂದೆ ಊಟದ ಹೊತ್ತಿನಲ್ಲಿ ಹೇಳಿದ್ದೆ, ಚೆನ್ನಾಗಿದೆ ಎಂದು. ಅಪ್ಪ ಅದನ್ನು ಇಟ್ಟುಕೊಂಡಿದ್ದ. 'ನಮ್ಮ ಮನೆ ಕಿಟ್ಣನ್ಗೇ ಮೊಳೆ ಹೊಡ್ದು ಹೋದ್ನಲ್ಲ ಬಡ್ಡೀಮಗ' ಎಂದು ಕೂಗುತ್ತಾ ಕಡಿದ. ಅಮ್ಮ ಅಳಲಿಲ್ಲ. 'ಬಳ್ಳಿ ಏನ್ ಮಾಡಿತ್ತು?' ಅಂದಳು, ಅಷ್ಟೇ. ಅಂದಿನಿಂದ ಅಕ್ಕಿ ತೊಳೆದ ನೀರನ್ನು ಆ ಬೋಳು ಬುಡಕ್ಕೇ ಚೆಲ್ಲುತ್ತಿದ್ದಳು. ಅಪ್ಪ ನೋಡುತ್ತಿದ್ದ, ನೀರು ಚೆಲ್ಲಬೇಡ ಎಂದು ಹೇಗೆ ಹೇಳುತ್ತಾನೆ?

ಬಳ್ಳಿ ಸಾಯಲಿಲ್ಲ. ಬೇರು ಗೋಡೆಯ ಅಡಿಯಿಂದ ನುಸುಳಿ ಪಕ್ಕದ ಮನೆಯಲ್ಲಿ ಚಿಗುರಿತು. ಮೆಹ್ರೀನಕ್ಕ ಒಂದು ದಿನ ಗೋಡೆಯ ಮೇಲಿಂದ ತಲೆ ಎತ್ತಿ, 'ದೀಪು, ನಿಮ್ದು ಗಡಿಯಾರ ನಮ್ ಕಡೆ ಬಂದೈತೆ ನೋಡು' ಅಂದರು. ಅವರ ಮನೆಯಲ್ಲಿ ಅದು ಗಡಿಯಾರದ ಹೂವಂತೆ, ಮೇಲಿರುವ ಮೂರೂ ಮುಳ್ಳುಗಳಂತೆ. 'ಟೈಮ್ ಮಾತ್ರ ಸರಿಯಾಗಿ ತೋರ್ಸಲ್ಲ, ನಮ್ಮ ಯಜಮಾನ್ರಂಗೆ' ಎಂದು ನಕ್ಕರು. ಅಮ್ಮ ನೀನು ಹೋದ ಮೇಲೆ ನಕ್ಕದ್ದನ್ನು ಮೊದಲ ಸಲ ಆವತ್ತು ಕಂಡೆ. ಆಮೇಲೆ ಹೂ ಬಿಟ್ಟಾಗಲೆಲ್ಲ ಅವರು ಒಂದನ್ನು ಗೋಡೆ ಮೇಲಿಡುವುದು, ಅಮ್ಮ ತೆಗೆದುಕೊಂಡು ಹೋಗಿ ನಿನ್ನ ಟ್ರಂಕಿನ ಮೇಲಿಡುವುದು. ದೇವರ ಮುಂದೆ ಇಡುತ್ತಿರಲಿಲ್ಲ. ಈ ಸಲ ಗೌರಿ ಹಬ್ಬದಲ್ಲೂ ನಿನ್ನ ಪಾಲಿನ ಬಾಗಿನ ಕಟ್ಟಿ ಅದೇ ಟ್ರಂಕಿನ ಮೇಲಿಟ್ಟಳು. ಈಗಲೂ ಅಲ್ಲೇ ಇದೆ. ಬಳೆ, ಕುಂಕುಮ, ರವಿಕೆ ಕಣ. ತೆಗೆಯಲು ಯಾರಿಗೂ ಧೈರ್ಯವಿಲ್ಲ.

ಹಬ್ಬ ಮುಗಿದು ವಾರದೊಳಗೆ ಅವಳ ಕಾಲು ಊದಿತು, ಮುಖ ಊದಿತು, ಉಸಿರಾಡಲು ಆಗದೆ ಹೋಯಿತು. ಸಕ್ಕರೆ ಕಾಯಿಲೆ ಕಿಡ್ನಿಗೆ ಹತ್ತಿದೆ ಅಂದರು. ನೀನು ನರ್ಸು, ರಿಪೋರ್ಟಿನಲ್ಲಿ ಏನಿತ್ತು ಎಂದು ಕೇಳುತ್ತೀಯ. ನನಗೆ ಗೊತ್ತಿಲ್ಲ ಅಕ್ಕ. ನೀನಿದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ ಎಂದೂ ನನಗೆ ಗೊತ್ತಿಲ್ಲ, ಆದ್ದರಿಂದ ಹಾಗೆ ಬರೆಯುವುದಿಲ್ಲ. ವಾರ್ಡಿಗೆ ಬಂದ ಡಾಕ್ಟರಮ್ಮ ಅಪ್ಪನನ್ನು, 'ಮಕ್ಕಳೆಷ್ಟು ಜನ? ಎಲ್ಲರಿಗೂ ತಿಳಿಸಿದ್ದೀರಾ?' ಎಂದು ಕೇಳಿದರು. ಅಪ್ಪ, 'ಒಬ್ನೇ ಮಗ ಮೇಡಂ, ಇವ್ನೇ' ಅಂದ. ಅಮ್ಮನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು, ಮಾತಾಡುವಂತಿರಲಿಲ್ಲ. ಸೂಜಿ ಚುಚ್ಚಿ ಟೇಪ್ ಹಾಕಿದ್ದ ಕೈಯನ್ನು ಹಾಸಿಗೆಯಿಂದ ಎತ್ತಿದಳು. ಎರಡು ಬೆರಳು ತೋರಿಸಿದಳು. ನಮ್ಮ ಶೆಡ್ಡಿನಲ್ಲಿ ಇಷ್ಟು ವರ್ಷ ಕುದಿಯುವ ನೀರಿನಿಂದ ರೇಷ್ಮೆ ಗೂಡಿನ ಎಳೆ ಹುಡುಕಿ ತೆಗೆದು, ಚರ್ಮ ಸುಲಿದು ಬೆಳ್ಳಗಾದ ಆ ಬೆರಳುಗಳು. ನರ್ಸಮ್ಮ ಎರಡಕ್ಕೆ ಹೋಗಬೇಕೇನೋ ಅಂದುಕೊಂಡು ಪಾತ್ರೆ ತಂದರು. ಅಮ್ಮ ತಲೆ ಆಡಿಸಿ ಬೇಡ ಅಂದಳು, ಬೆರಳು ಮಡಚಲಿಲ್ಲ. ಅಪ್ಪನ ಕಡೆಗೆ ತಿರುಗಿಸಿ ಹಿಡಿದೇ ಇದ್ದಳು. ಡಾಕ್ಟರಮ್ಮನಿಗೆ ಅರ್ಥವಾಯಿತು. ಅಪ್ಪನಿಗೆ ಅವರಿಗಿಂತ ಮೊದಲೇ ಅರ್ಥವಾಗಿತ್ತು, ಗೋಡೆ ನೋಡುತ್ತಿದ್ದ. ಹುಟ್ಟಿದಾಗಿನಿಂದ ನಮ್ಮನ್ನು ಎಣಿಸದವಳು ಅವತ್ತು ಎಣಿಸಿದಳು. ಮಾರನೆಯ ದಿನ ಹೋದಳು.

ಮಣ್ಣಿಗೆ ಮೊದಲೇ ನಿನ್ನನ್ನು ಹುಡುಕಬೇಕೆಂದು ಗೆಳೆಯ ಪುನೀತನ ಬೈಕ್ ತೆಗೆದುಕೊಂಡು ಕನಕಪುರದಾಚೆ ಭಾವನ ಊರಿಗೆ ಹೋದೆ. ನಿನ್ನ ಹಳೇ ನಂಬರ್ ಸತ್ತು ವರ್ಷವಾಗಿತ್ತು. ಭಾವನ ಮನೆಗೆ ಬೀಗ. ಬಾಗಿಲ ಪಕ್ಕದಲ್ಲಿ ನಮ್ಮದೇ ಬಳ್ಳಿ, ಹೂ ತುಂಬಿಕೊಂಡು ನಿಂತಿತ್ತು. ಬೀದಿಯಲ್ಲಿ ಕೇಳಿದರೆ ಎಲ್ಲರೂ ಬಸ್ಸು ಮಾಡಿಕೊಂಡು ವೇಲಾಂಕಣ್ಣಿಗೆ ಹಬ್ಬಕ್ಕೆ ಹೋಗಿದ್ದಾರೆ, ಫೋನು ಹತ್ತುತ್ತಿಲ್ಲ ಅಂದರು. ಮಂಗಳೂರು ಅನ್ನುವುದು ಬಿಟ್ಟು ಯಾರಿಗೂ ಏನೂ ಗೊತ್ತಿರಲಿಲ್ಲ. ಅಲ್ಲಿಂದ ಬರಿಗೈಯಲ್ಲಿ ತಿಪ್ಪಸಂದ್ರಕ್ಕೆ ಬಂದೆ. ಅಮ್ಮನ ಮುಖ ನೋಡಿದೆ.

ಮೂರನೇ ದಿನ ಹಾಲುತುಪ್ಪ. ಅಮ್ಮನ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಬಾಳೆಲೆಯಲ್ಲಿ ಎಡೆ ಇಟ್ಟೆವು. ಮುದ್ದೆ, ಬಸ್ಸಾರು, ವಡೆ, ಎಲೆಅಡಿಕೆ. ಮೆಹ್ರೀನಕ್ಕ ಕಳಿಸಿದ್ದ ಹೂವನ್ನು ನಾನು ತುದಿಯಲ್ಲಿಟ್ಟೆ, ಅಪ್ಪ ನೋಡಿದರೂ ತೆಗೆಯಲಿಲ್ಲ. ಎಲ್ಲರೂ ದೂರ ಸರಿದು ಕಾಗೆಗೆ ಕಾದೆವು. ಕಾಗೆ ಮುಟ್ಟಲಿಲ್ಲ. ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವಲ್ಲ, ಆಸೆ ಯಾವುದೆಂದು ಊಹಿಸಿ ಮಾತು ಕೊಡಲು ಶುರುಮಾಡಿದರು. ದೊಡ್ಡಪ್ಪ ಗಂಗಹನುಮಯ್ಯ ಕೈಮುಗಿದು, 'ದೊಡ್ಡಲಕ್ಷ್ಮಮ್ಮಾ, ನಿನ್ ಮಗನ್ಗೆ ಒಳ್ಳೆ ಕಡೆ ಹೆಣ್ಣು ತತ್ತೀವಿ, ಬಾರವ್ವ' ಅಂದರು. 'ಅವ್ನು ಮೊದ್ಲು ಒಂದ್ ಕೆಲ್ಸದಲ್ಲಿ ನಿಲ್ಲಲಿ ಕಣಣ್ಣೋ, ಕಾಗೆಗೂ ನಂಬ್ಕೆ ಬರ್ಬೇಕಲ್ಲ' ಎಂದು ಹಿಂದಿನಿಂದ ಊರಿನ ಬಸವಯ್ಯ ಅಂದ. ಗುಡ್ಡೆಯ ಮುಂದೆಯೂ ಜನ ನಕ್ಕರು, ನನಗೂ ನಗು ಬಂತು. ಚಿಕ್ಕಮ್ಮ ಚಿಕ್ಕಲಕ್ಷ್ಮಮ್ಮ ಊರೊಳಗೆ ಓಡಿಹೋಗಿ ಟೀ ತಂದು ಎಡೆ ಪಕ್ಕ ಇಟ್ಟರು. 'ನಾಕ್ ಚಮಚ ಸಕ್ರೆ ಹಾಕ್ಸಿವ್ನಿ ಕಣಕ್ಕ, ಇನ್ಯಾರೂ ಬೈಯಾಕಿಲ್ಲ, ಕುಡಿ' ಎಂದು ಅತ್ತರು. ಕಾಗೆ ಬರಲಿಲ್ಲ. ಸೀರೆ ಅಂದರು, ತಿರುಪತಿ ಅಂದರು, ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂದರು. ಅಲ್ಲಿದ್ದ ಒಬ್ಬೊಬ್ಬರಿಗೂ ಆಸೆ ಯಾವುದೆಂದು ಗೊತ್ತಿತ್ತು. ಅದೊಂದನ್ನು ಬಿಟ್ಟು ಎಲ್ಲವನ್ನೂ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. 'ಅಮ್ಮಾ, ನಯನಕ್ಕನ್ನ ಕರ್ಕೊಂಡ್ ಬತ್ತೀನಿ ಕಣಮ್ಮ' ಎಂದು ಜೋರಾಗಿ ಕೂಗಿದೆ.

ಅಪ್ಪ ಬೆನ್ನು ತಿರುಗಿಸಿ ರಸ್ತೆಯ ಕಡೆ ನಡೆದುಬಿಟ್ಟ. ಹೊಂಗೆ ಮರದ ಮೇಲೆ ಒಂದು ಕಾಗೆ ಕೂತಿತ್ತು. ನಾನು ಅದನ್ನೇ ನೋಡಿದೆ. ಅದು ಕತ್ತು ಓರೆ ಮಾಡಿ ನೋಡಿತು, ಹಾರಿತು, ಆಚೆ ಹೊಲಕ್ಕೆ ಹೋಯಿತು. ಕೊನೆಗೆ ದೊಡ್ಡಪ್ಪ ಎಡೆಯನ್ನು ಎತ್ತಿ ಹಸುವಿಗೆ ಕೊಟ್ಟರು. ನಡೆದದ್ದು ಇಷ್ಟೇ. ನಿನಗೆ ಬೇರೆ ಥರ ಸುದ್ದಿ ಬರಬಹುದು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಚಿಕ್ಕಮ್ಮ ಮಾಗಡಿ ಬಸ್ ಸ್ಟ್ಯಾಂಡಿನವರೆಗೂ ಸಾರಿಕೊಂಡು ಬಂದಿದ್ದಾರೆ, ನಯನಾ ಹೆಸರು ಹೇಳುತ್ತಲೇ ಕಾಗೆ ಬಾಣದ ಹಾಗೆ ಬಂದು ಎಡೆ ಮುಟ್ಟಿತು ಎಂದು. ಅವರಿಗೆ ನಿನ್ನ ಮೇಲಿರುವ ಪ್ರೀತಿ ಅದು. ಕಾಗೆ ಬರಲಿಲ್ಲ ಅಕ್ಕ. ಬಂತು ಎಂದು ನಿನಗೆ ಬರೆಯಬೇಕೆಂದು ನನಗೂ ಎಷ್ಟು ಆಸೆಯಾಯಿತು ಎಂದು ಹೇಳಲಾರೆ.

ಆ ಸುದ್ದಿ ಅಪ್ಪನ ಕಿವಿಗೂ ಬಿತ್ತು. ಬೆನ್ನು ತಿರುಗಿಸಿ ಹೋಗಿದ್ದರಿಂದ ಅವನು ಏನೂ ನೋಡಿರಲಿಲ್ಲ. ಮೊನ್ನೆ ಶುಕ್ರವಾರ ಶೆಡ್ಡಿನಲ್ಲಿ ಗೂಡು ಬೇಯಿಸುತ್ತಿದ್ದ. ಅಮ್ಮನ ಜಾಗದಲ್ಲಿ ಈಗ ಅವನೇ ಕೂರುತ್ತಾನೆ, ಎಳೆ ಹುಡುಕಲು ಬರುವುದಿಲ್ಲ, ಗೂಡೆಲ್ಲ ಹಾಳು. ನನ್ನ ಕಡೆ ನೋಡದೆ, 'ದೀಪು, ಅವ್ಳ ಹೆಸ್ರು ಹೇಳುತ್ಲೇ ಕಾಗೆ ಬಂತಂತೆ. ನಿಜವೇನ್ಲಾ?' ಅಂದ. ನೀನು ಹೋದ ಮೇಲೆ ನಿನ್ನ ಬಗ್ಗೆ ಅವನು ಬೈಗುಳವಿಲ್ಲದೆ ಆಡಿದ ಮೊದಲ ಮಾತು ಅದು. ನಾನು ಒಂದು ಸಲ 'ಹೂಂ' ಅಂದಿದ್ದರೆ ಸಾಕಿತ್ತು. ಅಪ್ಪ ಕಾಗೆಯನ್ನು ನಂಬುವವನು. ಅವತ್ತು ಸಂಜೆಯೇ ನಿನ್ನನ್ನು ಕರೆಸುತ್ತಿದ್ದ. ನನಗೆ ಅದೆಲ್ಲ ಗೊತ್ತಿತ್ತು, ಗೊತ್ತಿದ್ದೂ ನನ್ನ ಬಾಯಿಯಿಂದ ಬಂದದ್ದು 'ಇಲ್ಲಪ್ಪ, ಬರಲಿಲ್ಲ' ಎಂದೇ. ಅಮ್ಮನ ಗುಡ್ಡೆಯ ಮುಂದೆ ನಡೆದದ್ದನ್ನು ಬೇರೆ ಮಾಡಿ ಹೇಳಲು ನನ್ನಿಂದ ಆಗಲಿಲ್ಲ. ಅಪ್ಪನ ಕೈ ಬಿಸಿನೀರಿನಲ್ಲೇ ಇತ್ತು, ತೆಗೆಯುವುದನ್ನೇ ಮರೆತಿದ್ದ. ನಾನೇ ಹಿಡಿದು ಎಳೆದೆ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನಿನಗಾಗಿ ತೆರೆಯಬಹುದಾಗಿದ್ದ ಬಾಗಿಲನ್ನು ನಾನೇ ಮುಚ್ಚಿದೆನೋ ಏನೋ.

ಈ ಕಾಗದದ ಜೊತೆ ಒಂದು ಹೂ ಇಡಬೇಕೆಂದಿದ್ದೆ. ಒತ್ತಿಟ್ಟರೆ ಕಪ್ಪಗಾಗಿ ಗುರುತೇ ಸಿಗಲಿಲ್ಲ. ಮರದಲ್ಲಿ ಕಡೆದು ಕಳಿಸೋಣ ಎಂದು ಅಂಕಯ್ಯನವರನ್ನು ಕೇಳಿದೆ. 'ಕಿಟ್ಣ ಪಾಂಡವರು ಬತ್ತಾರೆ ಕಣ್ಲಾ, ಆ ಕೌರವರ್ನ ಕಡೆಯಾಕೆ ನಿಮ್ಮಪ್ಪನ ಕೈಲೂ ಆಗಾಕಿಲ್ಲ' ಅಂದರು. ಆದ್ದರಿಂದ ಬರೀ ಕಾಗದ. ಬಾ ಎಂದು ಬರೆಯಲು ನನಗೆ ಅಧಿಕಾರವಿಲ್ಲ, ಬಂದರೆ ಬಾಗಿಲು ತೆಗೆಯುತ್ತಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಇಷ್ಟು ಮಾತ್ರ ನಿಜ, ಅಮ್ಮ ಎಣಿಸಿದಾಗ ನೀನು ಇದ್ದೆ. ಅಳು ಬಂದರೆ ಅಳು, ಆದರೆ ಡ್ಯೂಟಿಗೆ ಹೋಗುವ ಮೊದಲು ಏನಾದರೂ ತಿನ್ನು. ಭಾವ ಹತ್ತಿರ ಇರಲಿ. ಅವರ ಅಜ್ಜಿ ಅಮ್ಮನ ಹೆಸರಿನಲ್ಲಿ ಮೊಂಬತ್ತಿ ಹಚ್ಚಿದರಂತೆ, ಅವರಿಗೆ ನನ್ನ ನಮಸ್ಕಾರ ತಿಳಿಸು.

ಎಲ್ಲೂ ನಿಲ್ಲದ ನಿನ್ನ ತಮ್ಮ,
ದೀಪು

ತಾ.ಕ.: ಕವರು ಅಂಟಿಸುವಾಗ ಅಪ್ಪ ಬಂದ. ಅವಸರದಲ್ಲಿ ಬರೆಯುತ್ತಿದ್ದೇನೆ. 'ಯಾರ್ಗ್ಲಾ?' ಅಂದ. ಅಕ್ಕನಿಗೆ ಅಂದೆ. ಕಿತ್ತುಕೊಳ್ಳುತ್ತಾನೆ ಅಂದುಕೊಂಡೆ, ಕಿತ್ತುಕೊಳ್ಳಲಿಲ್ಲ. 'ಆಸ್ಪತ್ರೇಲಿ ನಾನು ಒಬ್ನೇ ಅಂದಿದ್ದು ಬರ್ದಿದ್ಯಾ?' ಬರೆದಿದ್ದೇನೆ ಅಂದೆ. 'ಅವ್ಳು ಬೆರಳು ಎತ್ತಿದ್ದು?' ಅದನ್ನೂ ಅಂದೆ. 'ಕಾಗೆ ಬರ್ನಿಲ್ಲ ಅಂತ?' ಅದನ್ನೂ ಅಂದೆ. 'ಇರ್ಲಿ, ಹೊಡೆದಾಕ್ಬೇಡ' ಅಂದು ಹೊಸಲಿನ ಮೇಲೆ ಕೂತ. ಆಮೇಲೆ ಬೀದಿ ನೋಡಿಕೊಂಡು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. 'ನೀನು ಕರ್ಕೊಂಡ್ ಬತ್ತೀನಿ ಅಂದ್ರೆ ನಿಮ್ಮಮ್ಮ ಹೆಂಗ್ ನಂಬ್ತಾಳ್ಲಾ? ಬಾಗ್ಲು ಹಾಕ್ದೋನು ನಾನು. ಹೇಳ್ಬೇಕಾದೋನು ಹೇಳ್ನಿಲ್ಲ, ಅದ್ಕೇ ಕಾಗೆ ಬರ್ನಿಲ್ಲ. ಇನ್ನೊಂದ್ಸಲ ಎಡೆ ಇಡ್ತೀನಿ. ಅವ್ಳೂ ಆ ಹುಡುಗ್ನೂ ಬರ್ಲಿ ಅಂತ ಬರಿ. ಈ ಸಲ ನಾನೇ ಕೂಗ್ತೀನಿ.' ಕಾಗೆ ಬರುತ್ತದೆ ಎಂದು ನಾನು ಮಾತು ಕೊಡಲಾರೆ ಅಕ್ಕ. ಅಪ್ಪ ಕರೆದದ್ದು ನಿಜ, ನಾನೇ ಕೇಳಿಸಿಕೊಂಡೆ.